ಆಫೀಸಿನಲ್ಲೂ ಟವೆಲ್ ಹಾಕಿ ಸೀಟು ಹಿಡಿಯಬೇಕಾ?

"ಮೂವತ್ತು ಜನರ ಕಂಪನಿ ಸರ್. ಲೀಸ್ ಮುಗೀತಾ ಬಂತು. ಈಗಿನ ಹಾಗೇ ಎಲ್ಲರಿಗೂ ಒಂದೊಂದು ಟೇಬಲ್ ಹಾಕಿಸೋದಾ, ಯಾರು ಎಲ್ಲಿ ಬೇಕಾದರೂ ಕೂರೋ ಹಾಟ್ ಡೆಸ್ಕ್ ಮಾಡೋದಾ, ಬೇರೆ ಕಂಪನಿಗಳ ಜೊತೆ ಜಾಗ ಹಂಚಿಕೊಳ್ಳೋ ಕೋವರ್ಕಿಂಗ್‌ಗೆ ಹೋಗೋದಾ, ಇಲ್ಲಾ ಎಲ್ಲರೂ ಮನೆಯಿಂದಲೇ ಮಾಡಿ ಅಂದುಬಿಡೋದಾ?"

ಇತ್ತೀಚೆಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇಂಥವೇ. ನಾನು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಅಡ್ಮಿನ್ ಕೆಲಸದಲ್ಲಿದ್ದೇನೆ. ಐದು ಸಲ ಆಫೀಸು ಶಿಫ್ಟ್ ಮಾಡಿಸಿದ್ದೇನೆ. ಕುರ್ಚಿ ಎಣಿಸಿದ್ದೇನೆ, ಎಸಿ ಜಗಳ ಬಿಡಿಸಿದ್ದೇನೆ. ಒಂದು ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಹಿಂದಿನ ಒಂದು ಕಂಪನಿಯಲ್ಲಿ ಅರವತ್ತು ಜನ ಇದ್ದೆವು. ಬಾಡಿಗೆ ಉಳಿಸಬೇಕು ಅಂದರು. ನಲವತ್ತು ಟೇಬಲ್ ಸಾಕು, ಯಾರು ಎಲ್ಲಿ ಬೇಕಾದರೂ ಕೂರಲಿ ಅಂತ ಲೆಕ್ಕ ಹಾಕಿಕೊಟ್ಟವನು ನಾನೇ. ಎರಡನೇ ವಾರ ಒಂದು ದಿನ ಬೆಳಿಗ್ಗೆ ಎಂಟೂಕಾಲಿಗೇ ಹೋದೆ. ಒಬ್ಬರೂ ಇರಲಿಲ್ಲ, ಆದರೆ ಕಿಟಕಿ ಸಾಲು ಪೂರ್ತಿ ಭರ್ತಿ! ಒಂದು ಕುರ್ಚಿಯ ಮೇಲೆ ದುಪಟ್ಟಾ, ಇನ್ನೊಂದರ ಮೇಲೆ ನೀರಿನ ಬಾಟಲು, ಮತ್ತೊಂದರ ಮೇಲೆ ಊಟದ ಡಬ್ಬಿಯ ಚೀಲ. ಎಲ್ಲರೂ ಸೀಟು ಹಿಡಿದಿಟ್ಟು ಪಕ್ಕದ ದರ್ಶಿನಿಗೆ ಇಡ್ಲಿ ತಿನ್ನಲು ಹೋಗಿದ್ದರು. ಕೆಂಪು ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಥೇಟ್ ಹಾಗೆ.

ಅಕೌಂಟ್ಸಿನಲ್ಲಿ ಒಬ್ಬ ಹಿರಿಯರಿದ್ದರು. ಅವರ ಹಳೆಯ ಟೇಬಲ್ಲಿನ ಮೇಲೆ ಅಂಗೈ ಅಗಲದ ಚಾಮುಂಡಿ ಫೋಟೊ, ಒಂದು ಪುಟ್ಟ ಕ್ಯಾಲೆಂಡರ್, ಪೆನ್ನು ಇಡಲು ಒಂದು ಸ್ಟೀಲ್ ಲೋಟ ಇರುತ್ತಿದ್ದವು. ಹೊಸ ವ್ಯವಸ್ಥೆ ಬಂದಮೇಲೆ ಅವನ್ನು ದಿನಾ ಬ್ಯಾಗಿನಲ್ಲಿ ತರುತ್ತಿದ್ದರು. ಸಿಕ್ಕ ಟೇಬಲ್ಲಿನ ಮೇಲೆ ಬೆಳಿಗ್ಗೆ ಜೋಡಿಸುತ್ತಿದ್ದರು, ಸಂಜೆ ಮತ್ತೆ ತುಂಬಿಕೊಂಡು ಹೋಗುತ್ತಿದ್ದರು. ಒಂದು ಮಾತೂ ಆಡಲಿಲ್ಲ. ನಾಲ್ಕು ತಿಂಗಳಿಗೆ ರಾಜೀನಾಮೆ ಕೊಟ್ಟರು.

ಅವತ್ತಿನಿಂದ ಯಾರಾದರೂ ಫ್ಲೆಕ್ಸಿಬಲ್ ಆಫೀಸು ಅಂದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಬಗ್ಗಬೇಕಾದವರು ಯಾರು? ಜಾಗ ಜನರಿಗೆ ತಕ್ಕ ಹಾಗೆ ಬಗ್ಗುತ್ತದಾ, ಜನರೇ ಜಾಗಕ್ಕೆ ಬಗ್ಗಬೇಕಾ? ಮುಂದೆ ಐದು ಆಯ್ಕೆಗಳನ್ನು ತೂಗುವಾಗ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇರಿ.

ಯಾವುದರಿಂದ ಅಳೆಯೋದು?

ಮೊದಲನೆಯದು ಗದ್ದಲ. ಇದನ್ನು ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ನನ್ನ ಬಳಿ ಬಂದ ದೂರುಗಳಲ್ಲಿ ಎಸಿಯನ್ನು ಬಿಟ್ಟರೆ ಇದೇ ಜಾಸ್ತಿ. ಶಬ್ದ ಎಷ್ಟು ಜೋರು ಅನ್ನುವುದಕ್ಕಿಂತ, ಮಾತು ಎಷ್ಟು ಅರ್ಥವಾಗುತ್ತದೆ ಅನ್ನುವುದು ಮುಖ್ಯ. ಫಿನ್ಲೆಂಡಿನ ಧ್ವನಿತಜ್ಞ ವಾಲ್ಟೆರಿ ಹೊಂಗಿಸ್ಟೊ ವರ್ಷಗಟ್ಟಲೆ ಕೆಲಸ ಮಾಡಿರುವುದು ಇದೇ ವಿಷಯದ ಮೇಲೆ. ಫ್ಯಾನಿನ ಸದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲ್ಲ. ಪಕ್ಕದವನು ಫೋನಿನಲ್ಲಿ ಸೈಟಿನ ಕಂತಿನ ಬಗ್ಗೆ ಮಾತಾಡುತ್ತಿದ್ದರೆ ನಿಮ್ಮ ಎಕ್ಸೆಲ್ ಅಲ್ಲಿಗೇ ನಿಂತಿತು. ಇದರಲ್ಲಿ ನಾವು ಬೆಂಗಳೂರಿನವರು ಪಾಪದವರು. ಕನ್ನಡ ನಮ್ಮದು, ತಮಿಳು ತೆಲುಗು ಅರ್ಥವಾಗುತ್ತದೆ, ಹಿಂದಿ ಇಂಗ್ಲಿಷ್ ಬರುತ್ತದೆ. ಯಾರು ಯಾವ ಭಾಷೆಯಲ್ಲಿ ಪಿಸುಗುಟ್ಟಿದರೂ ತಪ್ಪಿಸಿಕೊಳ್ಳುವ ಹಾಗಿಲ್ಲ!

ಗೋಡೆ ಕಿತ್ತರೆ ಜನ ಬೆರೆಯುತ್ತಾರೆ ಅಂತ ಒಂದು ನಂಬಿಕೆ ಇದೆ. ಹಾರ್ವರ್ಡಿನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಎರಡು ದೊಡ್ಡ ಕಂಪನಿಗಳಲ್ಲಿ ನೌಕರರ ಕೊರಳಿಗೆ ಸೆನ್ಸರ್ ಹಾಕಿ ಇದನ್ನು ಅಳೆದರು. 2018ರಲ್ಲಿ ಫಲಿತಾಂಶ ಬಂತು. ಓಪನ್ ಆಫೀಸು ಮಾಡಿದ ಮೇಲೆ ಎದುರುಬದುರು ಮಾತುಕತೆ ಸುಮಾರು 70% ಇಳಿದಿತ್ತು, ಮೇಲ್ ಮತ್ತು ಮೆಸೇಜು ಏರಿತ್ತು. ಎಲ್ಲರೂ ನೋಡುತ್ತಿರುವಾಗ ಯಾರು ತಾನೇ ಬಾಯಿ ಬಿಡುತ್ತಾರೆ? ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ ಅಷ್ಟೇ. ಡೆನ್ಮಾರ್ಕಿನಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೊಂದು ಕಡೆಯಿಂದ ನೋಡಿತು. ಆರಕ್ಕಿಂತ ಹೆಚ್ಚು ಜನ ಒಂದೇ ಹಾಲ್‌ನಲ್ಲಿ ಕೂರುವವರು, ಒಬ್ಬರೇ ಕೋಣೆಯಲ್ಲಿ ಕೂರುವವರಿಗಿಂತ 62% ಹೆಚ್ಚು ದಿನ ಹುಷಾರಿಲ್ಲ ಅಂತ ರಜೆ ಹಾಕಿದ್ದರು.

ಎರಡನೆಯದು ಹಿಡಿತ. ನನ್ನ ಲೈಟು ನಾನು ಆರಿಸಬಹುದಾ, ನನ್ನ ಕುರ್ಚಿ ನಾನು ತಿರುಗಿಸಬಹುದಾ, ಎದ್ದು ಬೇರೆ ಕಡೆ ಹೋಗಬಹುದಾ? ಸಣ್ಣ ವಿಷಯ ಅನ್ನಿಸುತ್ತದೆ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದಲ್ಲಿ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2010ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಗಿಡ, ಚಿತ್ರಗಳನ್ನು ತಮಗೆ ಬೇಕಾದ ಹಾಗೆ ತಾವೇ ಜೋಡಿಸಿಕೊಂಡವರು, ಬೋಳು ಟೇಬಲ್ಲಿನಲ್ಲಿ ಕೂತವರಿಗಿಂತ 32%ವರೆಗೆ ಹೆಚ್ಚು ಕೆಲಸ ತೆಗೆದರು. ಆಮೇಲೆ ಇನ್ನೊಂದು ಗುಂಪಿನವರು ಜೋಡಿಸಿದ್ದನ್ನು ಸಂಶೋಧಕರು ಕೇಳದೇ ಬದಲಾಯಿಸಿದರು. ಅದೇ ಗಿಡ, ಅದೇ ಚಿತ್ರ, ಆದರೆ ಲಾಭ ಮಾಯ. ನಮ್ಮ ಅಕೌಂಟ್ಸ್ ಹಿರಿಯರ ಸ್ಟೀಲ್ ಲೋಟ ನನಗೆ ನೆನಪಾಗುವುದು ಇಲ್ಲೇ.

ಮೂರನೆಯದು ದಾರಿ. ಆಫೀಸಿನ ಒಳಗೆ ಎಷ್ಟೇ ಚೆಂದ ಮಾಡಿಸಿ, ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ನಿಂತು ಬಂದವನ ಮುಖ ಅರಳಲ್ಲ. ಟಾಮ್‌ಟಾಮ್ ಅನ್ನುವ ಟ್ರಾಫಿಕ್ ಅಳೆಯುವ ಕಂಪನಿಯ ಲೆಕ್ಕದಲ್ಲಿ 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ ಬೇಕಿತ್ತು. ಸರಾಸರಿ ಅದು, ಮಳೆ ಬಂದ ಸಂಜೆ ಬೇರೆಯೇ ಕಥೆ. ಸದ್ಯ ಮೆಟ್ರೊ ಲೆಕ್ಕ ಬದಲಾಯಿಸಿದೆ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾಯಿತು. ಒಂದು ಮ್ಯಾಪ್ ತೆಗೆದು ಮೂವತ್ತು ಜನರ ಮನೆಗೂ ಚುಕ್ಕೆ ಇಡಿ. ನೀವು ಆಫೀಸು ಹುಡುಕುತ್ತಿರುವುದು ನಿಜವಾಗಿ ಬಾಸ್ ಮನೆ ಹತ್ತಿರ ಅನ್ನೋದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನಾಲ್ಕನೆಯದು ಮೈ. ಕುರ್ಚಿ, ಬೆಳಕು, ಗಾಳಿ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಪಾದ ನೆಲಕ್ಕೆ ತಾಗಬೇಕು. ಬಾಗಿಲು ಹಾಕಿದ ಮೀಟಿಂಗ್ ರೂಮಿನಲ್ಲಿ ಎಂಟು ಜನ ಒಂದು ಗಂಟೆ ಕೂತರೆ ಆಕಳಿಕೆ ಶುರುವಾಗುತ್ತದಲ್ಲ, ತಪ್ಪು ಪೂರ್ತಿ ಪ್ರೆಸೆಂಟೇಷನ್ನಿನದಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಭಾಗ) ಇರುತ್ತದೆ, ಅಂಥ ರೂಮಿನಲ್ಲಿ ಸುಲಭವಾಗಿ ಸಾವಿರ ದಾಟುತ್ತದೆ. ಸ್ಪ್ಲಿಟ್ ಎಸಿ ಗಾಳಿಯನ್ನು ತಣ್ಣಗೆ ಮಾಡುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ತೆರೆಯಬಹುದಾದ ಕಿಟಕಿ ಇದೆಯಾ ಅಂತ ನೋಡಿ. ನಮ್ಮೂರಿನ ಹವೆಯಲ್ಲಿ ವರ್ಷದಲ್ಲಿ ಎಷ್ಟೋ ತಿಂಗಳು ಕಿಟಕಿಯೇ ಸಾಕು.

ಐದನೆಯದು ದುಡ್ಡು. ಅದನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ಮೊದಲು ಇಟ್ಟರೆ ಬೇರೆ ಯಾವುದನ್ನೂ ಯಾರೂ ಓದಲ್ಲ.

ಒಬ್ಬರಿಗೆ ಒಂದು ಟೇಬಲ್

ಹಳೇ ಪದ್ಧತಿ ಅಂತ ಮೂಗು ಮುರಿಯಬೇಡಿ. ಹಿಡಿತದ ಅಳತೆಯಲ್ಲಿ ಇದಕ್ಕೇ ಪೂರ್ತಿ ಅಂಕ. ಡ್ರಾಯರಿನಲ್ಲಿ ಮಾತ್ರೆ, ಟೇಬಲ್ಲಿನ ಕೆಳಗೆ ಚಪ್ಪಲಿ, ಮಾನಿಟರಿನ ಅಂಚಿಗೆ ಮಗುವಿನ ಫೋಟೊ. ಬೆನ್ನುನೋವು ಇರುವವರಿಗೆ ಒಂದು ಸಲ ಕುರ್ಚಿ ಸರಿ ಮಾಡಿದರೆ ಮುಗೀತು. ಅಕೌಂಟ್ಸ್, ಎಚ್‌ಆರ್, ಎರಡು ಮಾನಿಟರ್ ಬೇಕಾದ ಡಿಸೈನರ್‌ಗಳು, ಕಾಗದ ಜಾಸ್ತಿ ಇರುವವರು, ಇವರಿಗೆಲ್ಲ ಇದೇ ಸರಿ. ಹೊಸದಾಗಿ ಸೇರಿದವರಿಗೂ ಅಷ್ಟೇ. ಸೀನಿಯರ್ ಎಲ್ಲಿ ಕೂರುತ್ತಾರೆ ಅಂತ ಗೊತ್ತಿದ್ದರೆ ತಾನೇ ಹೋಗಿ ಕೇಳೋದು?

ಆದರೆ ಸಾಲಾಗಿ ಟೇಬಲ್ ಜೋಡಿಸಿದರೆ ಗದ್ದಲದ ಸಮಸ್ಯೆ ಹಾಗೇ ಉಳಿಯುತ್ತದೆ. ಅಡ್ಡಕ್ಕೆ ಪಾರ್ಟಿಷನ್ ಹಾಕಿಸಿದರೆ ಕ್ಯುಬಿಕಲ್. ಅದರ ಮೂಲಪುರುಷ ರಾಬರ್ಟ್ ಪ್ರಾಪ್ಸ್ಟ್, ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಗೆ 1968ರಲ್ಲಿ ರೂಪಿಸಿದ್ದು ಜನ ಎದ್ದು ಓಡಾಡಲಿ, ಬೇಕಾದ ಹಾಗೆ ಜೋಡಿಸಿಕೊಳ್ಳಲಿ ಅಂತ. ಕಂಪನಿಗಳು ಅದನ್ನೇ ಹೆಚ್ಚು ಜನರನ್ನು ತುರುಕುವ ಡಬ್ಬಿ ಮಾಡಿದವು. ಫ್ಲೆಕ್ಸಿಬಲ್ ಅಂತ ಹುಟ್ಟಿದ್ದು ಹೇಗೆ ಕೊನೆಯಾಗುತ್ತದೆ ನೋಡಿ.

ಖರ್ಚು? ಒಂದು ಉದಾಹರಣೆ ಲೆಕ್ಕ ಹಾಕೋಣ. ಒಬ್ಬರಿಗೆ 80 ಚದರಡಿಯಂತೆ 30 ಜನಕ್ಕೆ 2,400 ಚದರಡಿ. ಬಾಡಿಗೆ ಚದರಡಿಗೆ 80 ರೂಪಾಯಿ ಅಂತ ಇಟ್ಟುಕೊಂಡರೆ ತಿಂಗಳಿಗೆ 1,92,000. ಎಂಟು ತಿಂಗಳ ಅಡ್ವಾನ್ಸ್ ಕೇಳಿದರೆ 15 ಲಕ್ಷದ ಮೇಲೆ ಒಂದೇ ಸಲ ಹೋಯಿತು. ಒಳಗಿನ ಕೆಲಸಕ್ಕೆ ಚದರಡಿಗೆ 1,500 ಅಂದರೆ 36 ಲಕ್ಷ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಒಂದು ಲಕ್ಷ, ಐದು ವರ್ಷಕ್ಕೆ ಹಂಚಿದರೆ 60,000. ಹಾಗಾಗಿ ಐದು ವರ್ಷ ಇದೇ ಊರು, ಇದೇ ಸೈಜು ಅಂತ ಧೈರ್ಯ ಇದ್ದರೆ ಮಾತ್ರ ಸ್ವಂತವಾಗಿ ಮಾಡಿಸಿ. ಎರಡು ವರ್ಷದ ಯೋಚನೆ ಇರುವವರು ಹಿಂದಿನವರು ಬಿಟ್ಟುಹೋದ ಫರ್ನಿಚರ್ ಇರುವ ಜಾಗ ಹುಡುಕುವುದೇ ಜಾಣತನ.

ಹಾಟ್ ಡೆಸ್ಕ್

ನನ್ನ ಅಭಿಪ್ರಾಯ ನಿಮಗೆ ಆಗಲೇ ಗೊತ್ತಾಗಿದೆ. ಆದರೂ ನ್ಯಾಯವಾಗಿ ಹೇಳುತ್ತೇನೆ. ಸೇಲ್ಸ್‌ನವರು, ಸರ್ವಿಸ್ ಎಂಜಿನಿಯರುಗಳು, ವಾರದಲ್ಲಿ ಮೂರು ದಿನ ಹೊರಗೆ ಓಡಾಡುವವರು, ಇವರಿಗೆ ಸ್ವಂತ ಟೇಬಲ್ ದಂಡ. ಇವರಿಗೆ ಹಾಟ್ ಡೆಸ್ಕ್ ಕಷ್ಟವೇ ಅಲ್ಲ.

ಕಷ್ಟ ಬರುವುದು ಲೆಕ್ಕದಲ್ಲಿ. 30 ಜನ, ವಾರಕ್ಕೆ ಮೂರು ದಿನ ಬರಬೇಕು. 90 ಹಾಜರಿ, ಐದು ದಿನಕ್ಕೆ ಹಂಚಿದರೆ ದಿನಕ್ಕೆ 18. ಹದಿನೆಂಟು ಟೇಬಲ್ ಸಾಕು ಅಂತ ಎಕ್ಸೆಲ್ ಹೇಳುತ್ತದೆ. ಆದರೆ ಸೋಮವಾರ ಊರಿನಿಂದ ಬಸ್ಸಿಳಿದು ಬರುವವರು ಮನೆಯಲ್ಲೇ ಇರುತ್ತಾರೆ, ಶುಕ್ರವಾರ ಊರಿಗೆ ಹೊರಡುವವರು ಮನೆಯಲ್ಲೇ ಇರುತ್ತಾರೆ. ಮಂಗಳ, ಬುಧ, ಗುರುವಾರ 26 ಜನ ಬರುತ್ತಾರೆ, ಸೋಮವಾರ ಶುಕ್ರವಾರ ತಲಾ ಆರು ಜನ. ಒಟ್ಟು ಅದೇ 90! ಸರಾಸರಿ ನಂಬಿ 18 ಹಾಕಿಸಿದರೆ ವಾರದಲ್ಲಿ ಮೂರು ದಿನ ಎಂಟು ಜನ ಪ್ಯಾಂಟ್ರಿಯಲ್ಲಿ ಕೂರಬೇಕು. ಟೇಬಲ್ ಎಣಿಸುವಾಗ ಬುಧವಾರದ ಹಾಜರಿ ನೋಡಿ, ತಿಂಗಳ ಸರಾಸರಿ ನೋಡಬೇಡಿ.

ಈ ಪಾಠ ಜಗತ್ತು ಮೊದಲೇ ಕಲಿತಿತ್ತು. 1990ರ ದಶಕದಲ್ಲಿ ಚಿಯಾಟ್ ಡೇ ಅನ್ನುವ ಅಮೆರಿಕದ ಜಾಹೀರಾತು ಕಂಪನಿ ಯಾರಿಗೂ ಟೇಬಲ್ ಇಲ್ಲ ಅಂತ ಮಾಡಿತು. ಬೆಳಿಗ್ಗೆ ಕೌಂಟರಿನಲ್ಲಿ ಫೋನು, ಲ್ಯಾಪ್‌ಟಾಪು ಇಸಿದುಕೊಳ್ಳಬೇಕು, ಸಂಜೆ ವಾಪಸು ಕೊಡಬೇಕು. ಎಲ್ಲರಿಗೂ ಸಾಲುತ್ತಿರಲಿಲ್ಲ. ಜನ ಅವನ್ನು ಲಾಕರಿನಲ್ಲಿ ಬಚ್ಚಿಟ್ಟರು, ಕಾರಿನ ಡಿಕ್ಕಿಯನ್ನೇ ಫೈಲಿನ ಕಪಾಟು ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ಕಂಪನಿ ಆ ಪದ್ಧತಿ ಕೈಬಿಟ್ಟಿತು.

ಮಾಡಲೇಬೇಕು ಅಂತಿದ್ದರೆ ಮೂರಕ್ಕೆ ಚೌಕಾಸಿ ಮಾಡಬೇಡಿ. ಪ್ರತಿಯೊಬ್ಬರಿಗೂ ಬೀಗ ಹಾಕುವ ಒಂದು ಲಾಕರ್. ಎತ್ತರ ಹೊಂದಿಸಬಹುದಾದ ಕುರ್ಚಿ, ಅದೂ ಎಲ್ಲ ಟೇಬಲ್ಲಿಗೂ. ಮತ್ತೆ, ತಂಡಕ್ಕೊಂದು ಬೇ: ನಿಮ್ಮ ತಂಡ ಈ ಕಿಟಕಿ ಸಾಲು, ಅದರೊಳಗೆ ಎಲ್ಲಿ ಬೇಕಾದರೂ ಕೂರಿ. ಇಷ್ಟು ಮಾಡಿದರೆ ಅರ್ಧ ಜಗಳ ನಿಲ್ಲುತ್ತದೆ.

ಕೆಲಸಕ್ಕೆ ತಕ್ಕ ಜಾಗ

ಇದನ್ನೂ ಹಾಟ್ ಡೆಸ್ಕನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ, ಯಾರಿಗೂ ಸ್ವಂತ ಟೇಬಲ್ ಇಲ್ಲ. ಆದರೆ ಹಾಟ್ ಡೆಸ್ಕಿನಲ್ಲಿ ಇರುವುದು ಒಂದೇ ಬಗೆಯ ಟೇಬಲ್ಲು, ಕಡಿಮೆ ಸಂಖ್ಯೆಯಲ್ಲಿ. ಇಲ್ಲಿ ಬಗೆಬಗೆಯ ಜಾಗ ಇರುತ್ತದೆ. ಬರೆಯಲು ಸದ್ದಿಲ್ಲದ ಕೋಣೆ, ಕಾಲ್‌ಗೆ ಫೋನ್ ಬೂತ್, ಇಬ್ಬರು ಕೂತು ಕೋಡ್ ನೋಡಲು ಒಂದು ಮೂಲೆ, ಹರಟೆಗೆ ಪ್ಯಾಂಟ್ರಿ ಪಕ್ಕದ ಉದ್ದ ಟೇಬಲ್ಲು. ನೆದರ್‌ಲೆಂಡ್ಸಿನ ಆಫೀಸು ಸಲಹೆಗಾರ ಎರಿಕ್ ವೆಲ್ಡ್‌ಹೂನ್ ಇದನ್ನು 1990ರ ದಶಕದಲ್ಲಿ ಇಂಟರ್‌ಪೊಲಿಸ್ ಅನ್ನುವ ವಿಮಾ ಕಂಪನಿಯಲ್ಲಿ ಮಾಡಿ ತೋರಿಸಿದರು.

ನಮ್ಮ ಹಳೇ ಮನೆಗಳು ಹೀಗೇ ಇದ್ದವು ಅಲ್ವಾ? ಜಗಲಿಯಲ್ಲಿ ಬಂದವರ ಜೊತೆ ಮಾತು, ನಡುಮನೆಯಲ್ಲಿ ಊಟ, ಅಟ್ಟದ ಕೆಳಗಿನ ಮೂಲೆಯಲ್ಲಿ ಪರೀಕ್ಷೆಗೆ ಓದು. ಯಾರದೂ ಅಂತ ಒಂದು ಕೋಣೆ ಇಲ್ಲದಿದ್ದರೂ ಎಲ್ಲ ಕೆಲಸಕ್ಕೂ ಒಂದು ಜಾಗ ಇತ್ತು.

ಚೆನ್ನಾಗಿ ಮಾಡಿದರೆ ಗದ್ದಲ ಮತ್ತು ಹಿಡಿತ ಎರಡರಲ್ಲೂ ಇದು ಗೆಲ್ಲುತ್ತದೆ. ಆದರೆ ಅಗ್ಗ ಅಲ್ಲ. ಸದ್ದು ಹೊರಗೆ ಬರದ ಒಂದು ಫೋನ್ ಬೂತಿಗೆ ಲಕ್ಷಗಟ್ಟಲೆ ಹೇಳುತ್ತಾರೆ. ನಾನು ಸ್ಟೋರ್ ರೂಮನ್ನು ಖಾಲಿ ಮಾಡಿಸಿ, ಗೋಡೆಗೆ ಫೋಮ್ ಬಡಿಸಿ, ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಕೆಲಸ ನಡೆಸಿದ್ದೇನೆ. ನೋಡಲು ಚೆಂದವಿಲ್ಲ, ಆದರೆ ದಿನವಿಡೀ ಖಾಲಿ ಇರುವುದೇ ಇಲ್ಲ. ಮೂವತ್ತು ಜನಕ್ಕೆ ಕನಿಷ್ಠ ಮೂರು ಬೂತ್ ಬೇಕು. ಸದ್ದಿಲ್ಲದ ಕೋಣೆಗೆ ನಿಯಮ ಒಂದೇ: ಒಳಗೆ ಫೋನ್ ಎತ್ತಬಾರದು, ಎಂಡಿ ಆದರೂ. ಎಂಡಿ ಒಂದು ದಿನ ಎತ್ತಿದರೆ ಮುಗೀತು, ಮರುದಿನದಿಂದ ಅದು ಇನ್ನೊಂದು ಮೀಟಿಂಗ್ ರೂಮು.

ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ ಈ ದಾರಿ ಬೇಡ. ಅಷ್ಟು ಬಗೆಯ ಜಾಗ ಮಾಡಲು ನಿಮ್ಮ ಚದರಡಿ ಸಾಲುವುದಿಲ್ಲ.

ಕೋವರ್ಕಿಂಗ್

ಈ ವಿಷಯದಲ್ಲಿ ಬೆಂಗಳೂರಿನವರಿಗೆ ಆಯ್ಕೆಗೆ ಬರ ಇಲ್ಲ. ವಿವರ್ಕ್ ಇಂಡಿಯಾ, ಇಂಡಿಕ್ಯೂಬ್, ಬಿಹೈವ್, ಎಲ್ಲವೂ ಇಲ್ಲಿಯವೇ. ಏರಿಯಾ, ಕಟ್ಟಡ ನೋಡಿ ಸೀಟಿಗೆ ತಿಂಗಳಿಗೆ ಏಳೆಂಟು ಸಾವಿರದಿಂದ ಹದಿನೈದು ಸಾವಿರ, ಒಳ್ಳೆಯ ಜಾಗದಲ್ಲಿ ಇನ್ನೂ ಜಾಸ್ತಿ. ಹತ್ತು ಸಾವಿರದ ಲೆಕ್ಕದಲ್ಲಿ 30 ಸೀಟಿಗೆ ಮೂರು ಲಕ್ಷ. ಕರೆಂಟು, ಜನರೇಟರು, ಇಂಟರ್‌ನೆಟ್ಟು, ಕಾಫಿ, ಕಸ ಗುಡಿಸುವುದು ಸಾಮಾನ್ಯವಾಗಿ ಅದರಲ್ಲೇ ಬರುತ್ತದೆ. ಅಡ್ವಾನ್ಸೂ ಕಡಿಮೆ. ಮೇಲಿನ ಸ್ವಂತ ಆಫೀಸಿನ ಲೆಕ್ಕಕ್ಕೆ ಕರೆಂಟು, ಹೌಸ್‌ಕೀಪಿಂಗ್ ಸೇರಿಸಿ ನೋಡಿ. ಮೂರು ವರ್ಷದ ಒಳಗೆ ಕೋವರ್ಕಿಂಗೇ ಅಗ್ಗ ಬೀಳುವುದು ಹೆಚ್ಚು.

ಬಗ್ಗುವ ಅಳತೆಯಲ್ಲಿ ಇದು ಕಂಪನಿಗೆ ಚೆನ್ನಾಗಿ ಬಗ್ಗುತ್ತದೆ. ಹತ್ತು ಸೀಟು ಬೇಕಾ, ಬಿಡಬೇಕಾ, ಒಂದು ಮೇಲ್ ಸಾಕು. ಕೂರುವವರಿಗೆ? ಅದು ಕ್ಯಾಬಿನ್ ಮೇಲೆ ನಿಂತಿದೆ. ಸುಮಾರು ಕಡೆ ಗಾಜಿನ ಪೆಟ್ಟಿಗೆಯೊಳಗೆ ಟೇಬಲ್‌ಗಳನ್ನು ಒತ್ತಿಟ್ಟಿರುತ್ತಾರೆ, ಪಕ್ಕದವರ ಮೊಣಕೈ ತಾಗುತ್ತದೆ. ಲಾಂಜು ಮಾತ್ರ ಫೋಟೊಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ತೋರಿಸಲು ಬಂದವರು ಮೊದಲು ಲಾಂಜಿಗೇ ಕರೆದುಕೊಂಡು ಹೋಗುತ್ತಾರೆ. ನೀವು ಸುಮ್ನೆ ನಿಮಗೆ ಕೊಡುವ ಕ್ಯಾಬಿನ್ನಿಗೆ ಹೋಗಿ, ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಬಾಗಿಲು ಹಾಕಿ ಹದಿನೈದು ನಿಮಿಷ ಕೂರಿ. ಪಕ್ಕದ ಕ್ಯಾಬಿನ್ನಿನ ಮಾತು ಪದ ಪದ ಕೇಳಿಸುತ್ತಿದೆಯಾ? ಉಸಿರು ಕಟ್ಟುತ್ತಿದೆಯಾ? ಎಸಿಯ ರಿಮೋಟು ಯಾರ ಕೈಯಲ್ಲಿದೆ? ಮೀಟಿಂಗ್ ರೂಮಿಗೆ ತಿಂಗಳಿಗೆ ಎಷ್ಟು ಗಂಟೆ ಉಚಿತ, ಲಾಕ್-ಇನ್ (ಮಧ್ಯದಲ್ಲಿ ಬಿಟ್ಟುಹೋಗಲಾಗದ ಅವಧಿ) ಎಷ್ಟು ತಿಂಗಳು, ಪಾರ್ಕಿಂಗ್ ಬೇರೆ ದುಡ್ಡಾ? ಕೊನೆಯ ಮೂರಕ್ಕೆ ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.

ಇದರ ಇನ್ನೊಂದು ಅನುಕೂಲವನ್ನು ಜನ ಮರೆಯುತ್ತಾರೆ. ಮೂವತ್ತು ಸೀಟನ್ನು ಒಂದೇ ಕಡೆ ತಗೊಳ್ಳಬೇಕು ಅಂತೇನಿಲ್ಲ. ಮ್ಯಾಪಿನ ಚುಕ್ಕೆಗಳು ಎರಡು ಗುಂಪಾಗಿದ್ದರೆ ಜಯನಗರದ ಕಡೆ ಹದಿನೈದು, ವೈಟ್‌ಫೀಲ್ಡ್ ಕಡೆ ಹದಿನೈದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋಗಿದ್ದು ನೆನಪಿದೆಯಲ್ಲ? ಎರಡು ಕಡೆ ಜಾಗ ಇದ್ದವರಿಗೆ ಅಂಥ ದಿನ ಒಂದು ಕಡೆಯಾದರೂ ಬಾಗಿಲು ತೆರೆದಿರುತ್ತದೆ.

ಮನೆ, ಜೊತೆಗೆ ಆಗಾಗ ಭೇಟಿ

ದಾರಿಯ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಚೀನಾದ ಟ್ರಿಪ್.ಕಾಮ್ ಅನ್ನುವ ಪ್ರವಾಸ ಬುಕಿಂಗ್ ಕಂಪನಿಯ 1,600ಕ್ಕೂ ಹೆಚ್ಚು ನೌಕರರ ಮೇಲೆ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆಯಾದರು, ಕೆಲಸದ ಗುಣಮಟ್ಟ ಕುಗ್ಗಲಿಲ್ಲ. ಹೆಂಗಸರಿಗೆ, ದೂರದಿಂದ ಬರುವವರಿಗೆ ಲಾಭ ಇನ್ನೂ ಹೆಚ್ಚು. ಅದೇ ಕಂಪನಿಯಲ್ಲಿ ಅದಕ್ಕೂ ಮೊದಲು ವಾರದಲ್ಲಿ ನಾಲ್ಕು ದಿನ ಮನೆಯಿಂದ ಮಾಡುವ ಪ್ರಯೋಗ ನಡೆದಿತ್ತು. ಆಗ ಕೆಲಸ 13% ಹೆಚ್ಚಿತು. ಆದರೆ ಮುಗಿದ ಮೇಲೆ ಸುಮಾರು ಅರ್ಧ ಜನ ಆಫೀಸಿಗೇ ಬರುತ್ತೇವೆ ಅಂದರು. ಒಂಟಿತನ.

ನಮ್ಮಲ್ಲಿ ಇನ್ನೊಂದು ವಿಷಯ ಇದೆ. ಮನೆ ಅಂದರೆ ಯಾರ ಮನೆ? ನಲವತ್ತು ದಾಟಿದ ಮ್ಯಾನೇಜರ್‌ಗೆ ಮೂರು ಬೆಡ್‌ರೂಮಿನ ಫ್ಲಾಟು, ಅದರಲ್ಲೊಂದು ಕೆಲಸದ ಕೋಣೆ. ಅವರ ತಂಡದ ಹೊಸ ಹುಡುಗ ಮೂರು ಜನ ಹಂಚಿಕೊಂಡ ಪಿಜಿ ರೂಮಿನಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆನ್ನು ಬಗ್ಗಿಸಿ ಕೂತಿರುತ್ತಾನೆ. ಕರೆಂಟು ಹೋದರೆ ಮೊಬೈಲಿನ ಹಾಟ್‌ಸ್ಪಾಟೇ ಗತಿ. ಮನೆಯಿಂದ ಕೆಲಸ ಅಂತ ತೀರ್ಮಾನ ಮಾಡುವವರು ಸಾಮಾನ್ಯವಾಗಿ ಕೋಣೆ ಇರುವವರು. ಹಾಗಾಗಿ ಈ ದಾರಿ ಹಿಡಿದರೆ ಉಳಿದ ಬಾಡಿಗೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಒಳ್ಳೆ ಕುರ್ಚಿ ಮತ್ತು ಒಂದು ಮಾನಿಟರ್ ಕಳಿಸಿ, ಮನೆ ಹತ್ತಿರ ಕೋವರ್ಕಿಂಗಿನ ದಿನದ ಪಾಸು ಬೇಕಾದವರಿಗೆ ಕೊಡಿ.

ಒಂದು ಕಾನೂನಿನ ಮಾತು, ಚಿಕ್ಕದಾಗಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗಿನಿಂದ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಕ್ರೆಷ್ (ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ) ಸೌಲಭ್ಯ ಕಡ್ಡಾಯ. ಎಣಿಸುವುದು ನೌಕರರನ್ನು, ಕುರ್ಚಿಗಳನ್ನಲ್ಲ. ಟೇಬಲ್ ಕಡಿಮೆ ಮಾಡಿದರೆ ಇದರಿಂದ ತಪ್ಪಿಸಿಕೊಳ್ಳಲು ಆಗಲ್ಲ.

ನಾನಾದರೆ

ಹತ್ತು ಹದಿನೈದು ಜನರ, ನಾಳೆ ಎಷ್ಟಾಗುತ್ತೇವೋ ಗೊತ್ತಿಲ್ಲದ ಕಂಪನಿ: ಕೋವರ್ಕಿಂಗಿನಲ್ಲಿ ಒಂದು ಕ್ಯಾಬಿನ್, ಒಳಗೆ ಎಲ್ಲರಿಗೂ ಅವರವರ ಸೀಟು. ಲಾಂಜಿಗೆ ಮರುಳಾಗದೆ ಮೆಟ್ರೊ ಹತ್ತಿರ ನೋಡುತ್ತೇನೆ.

ಸಿಎ ಆಫೀಸು, ಡಿಸೈನ್ ಸ್ಟುಡಿಯೊ, ಕಾಗದ ಮತ್ತು ಸಾಮಾನು ಜಾಸ್ತಿ ಇರುವ ಕೆಲಸ: ಒಬ್ಬರಿಗೆ ಒಂದು ಟೇಬಲ್, ಅದರ ಜೊತೆ ಬಾಗಿಲು ಇರುವ ಎರಡು ಸಣ್ಣ ಕೋಣೆ. ಮೊದಲ ಪ್ರಶ್ನೆ ಕೇಳಿದ ಮೂವತ್ತು ಜನರ ಸಾಫ್ಟ್‌ವೇರ್ ಕಂಪನಿ: ಬೆರಕೆ. ದಿನಾ ಬರುವ ಹನ್ನೆರಡು ಜನಕ್ಕೆ ಸ್ವಂತ ಟೇಬಲ್. ಉಳಿದವರಿಗೆ ತಂಡದ ಬೇಯಲ್ಲಿ ಹದಿನಾಲ್ಕು ಟೇಬಲ್ಲು, ತಲಾ ಒಂದು ಲಾಕರ್. ಜೊತೆಗೆ ಮೂರು ಬೂತು, ಒಂದು ಸದ್ದಿಲ್ಲದ ಕೋಣೆ. ಬುಧವಾರ 26 ಜನ ಬಂದರೂ ಕುರ್ಚಿ ಸಿಗುತ್ತದೆ. ದಿನಾ ಬರುವವರು ಯಾರು ಅಂತ ನೀವು ಪಟ್ಟಿ ಮಾಡಬೇಡಿ, ಅವರೇ ಹೆಸರು ಬರೆಯಲಿ. ನಮ್ಮಲ್ಲಿ ಹಾಗೆ ಕೇಳಿದಾಗ ಮೊದಲು ಹೆಸರು ಬರೆದವಳು ಪಿಜಿಯಲ್ಲಿದ್ದ ಹೊಸ ಹುಡುಗಿ. ಅವಳು ಮನೆಯಿಂದ ಮಾಡುವುದೇ ಇಷ್ಟ ಅನ್ನುತ್ತಾಳೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಐದು ವರ್ಷದ ಲೀಸಿಗೆ ಸಹಿ ಹಾಕಬೇಡಿ. ಮೂರು ತಿಂಗಳು ಕೋವರ್ಕಿಂಗ್ ತಗೊಳ್ಳಿ, ಬಾಗಿಲ ಹತ್ತಿರ ಒಂದು ನೋಟ್‌ಬುಕ್ ನೇತುಹಾಕಿ. ಇವತ್ತು ಎಲ್ಲಿ ಕೂತಿರಿ, ಏನು ಕಿರಿಕಿರಿ ಆಯಿತು, ಅಷ್ಟೇ ಎರಡು ಕಾಲಂ. ನಮ್ಮ ನೋಟ್‌ಬುಕ್ಕಿನಲ್ಲಿ ಹದಿನೇಳು ಸಲ ಬಂದಿದ್ದು ಒಂದೇ ದೂರು: ಪ್ರಿಂಟರ್ ಪಕ್ಕದ ಟೇಬಲ್ಲು. ಪ್ರಿಂಟರನ್ನು ಕಾರಿಡಾರಿಗೆ ಸಾಗಿಸಿದೆವು. ಖರ್ಚು ಒಂದು ಎಕ್ಸ್‌ಟೆನ್ಷನ್ ಬಾಕ್ಸು.